ಪೋಲೋಗೆ ಹೊಸ ಅಲಾಯ್ ಹಾಕಿಸುವ ಮುಂಚೆ

ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಕಾರಿಗೆ ಹೊರಗಿನ (ಕಂಪನಿಯದಲ್ಲದ) ಅಲಾಯ್ ವೀಲ್ ಹಾಕಿಸುವವರು ಸುಮ್ನೆ ಡಿಸೈನ್ ನೋಡಿ ಮರುಳಾಗಬೇಡಿ. ವೀಲನ್ನು ಮಗುಚಿ ಹಿಂಭಾಗ ನೋಡಿ. ಜೆಡಬ್ಲ್ಯುಎಲ್ ಗುರುತು (ಜಪಾನಿನ ಅಲಾಯ್ ವೀಲ್ ಗುಣಮಟ್ಟದ್ದು), ಇಟಿ ಸಂಖ್ಯೆ (ವೀಲ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ), ಎಷ್ಟು ಕೆಜಿ ತಡೆಯುತ್ತದೆ ಅನ್ನುವುದು ಅಚ್ಚಾಗಿರಬೇಕು. ಏನೂ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಪಿಸಿಡಿ (ಬೋಲ್ಟ್ ತೂತುಗಳ ಸಂಖ್ಯೆ ಮತ್ತು ಅವು ಇರುವ ವೃತ್ತದ ವ್ಯಾಸ) 5x100, ಇದು ಪೋಲೋ ಇರುವವರಿಗೆಲ್ಲ ಗೊತ್ತು. ಎಡವುವುದು ನಡುವಿನ ತೂತಿನಲ್ಲಿ. ಪೋಲೋ ಹಬ್ (ಆ ತೂತು ಕೂರುವ ಕಾರಿನ ಭಾಗ) 57.1 ಮಿ.ಮೀ. ನಾನು ತಂದ ವೀಲಿನದು 73.1. ಅಂಗಡಿಯವರು ನಡುವಿನ ಸಂದು ತುಂಬುವ ಹಬ್ ರಿಂಗ್ ಹಾಕದೆ ಕೂರಿಸಿಬಿಟ್ಟರು. ಸ್ಪೀಡ್ 80 ದಾಟಿದರೆ ಸಾಕು, ಸ್ಟೀರಿಂಗ್ ಗಡಗಡ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿ ದುಡ್ಡು ದಂಡ! ಕೊನೆಗೆ ಸರಿಯಾದ ಅಳತೆಯ ಹಬ್ ರಿಂಗ್ ಹಾಕಿದ ಮೇಲೆ ನಿಂತಿತು.

ಬೋಲ್ಟೂ ಅಷ್ಟೇ. ಕಂಪನಿ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿರುತ್ತದೆ. ಹೊರಗಿನ ವೀಲುಗಳಲ್ಲಿ ಹೆಚ್ಚಿನವಕ್ಕೆ ಕೋನ್ ಆಕಾರದ್ದು ಬೇಕು. ಹಳೆಯದನ್ನೇ ಹಾಕಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಓಡುತ್ತಾ ಸಡಿಲವಾಗಬಹುದು. ಟಾರ್ಕ್ ರೆಂಚಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಸಿ. 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿಸಿ.

17 ಇಂಚು ಚೆಂದ, ಒಪ್ಪುತ್ತೇನೆ. ಆದರೆ ಟೈರಿನ ಗೋಡೆ ತೆಳು, ನಮ್ಮ ಗುಂಡಿಗಳಲ್ಲಿ ರಿಮ್ ಸೊಟ್ಟಗಾಗುವುದು ಜಾಸ್ತಿ ಅಲ್ವಾ? ನಾನು 16ಕ್ಕೇ ನಿಲ್ಲಿಸಿದೆ.