ಮಲೆನಾಡಿನ ಊಟವನ್ನು ಲೆಕ್ಕಕ್ಕೆ ತರುವ ಕೆಲಸ

ರಕ್ತದ ಸಕ್ಕರೆ ಅಳೆಯುವುದು ಸುಲಭ. ಬಿಪಿ ಅಳೆಯುವುದೂ ಸುಲಭ. ಯಂತ್ರ ಸರಿ ಇರಬೇಕು, ಗುಡ್ಡ ಹತ್ತಿ ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸುವ ತಾಳ್ಮೆ ಇರಬೇಕು, ಅಷ್ಟೇ. ಕಷ್ಟ ಇರುವುದು ಊಟ ಅಳೆಯುವುದರಲ್ಲಿ. ನಾನು ಆಹಾರಕ್ಕೂ ಶುಗರ್, ಬಿಪಿ, ಹೃದಯದ ಕಾಯಿಲೆಗೂ ಇರುವ ಸಂಬಂಧ ಹುಡುಕುವ ಸಂಶೋಧಕಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡುಗೆಮನೆಗಳೇ ನನ್ನ ಲ್ಯಾಬು. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ "ಏನು ತಿಂದ್ರೆ ಶುಗರ್ ಬರಲ್ಲ ಹೇಳಿ" ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವ ಮುಂಚೆ ಜನ ನಿಜವಾಗಿ ಏನು ತಿನ್ನುತ್ತಿದ್ದಾರೆ ಅಂತ ಗೊತ್ತಾಗಬೇಕು. ನನ್ನ ಕೆಲಸದ ಬಹುಪಾಲು ಸಮಯ ಹೋಗಿದ್ದು ಅದಕ್ಕೇ.

ಈ ವಿದ್ಯೆಯಲ್ಲಿ ಮುಖ್ಯವಾದ ಸಲಕರಣೆ ಒಂದು ಪ್ರಶ್ನೆಪಟ್ಟಿ. ಯಾವ ಪದಾರ್ಥವನ್ನು ತಿಂಗಳಿಗೆ, ವಾರಕ್ಕೆ, ದಿನಕ್ಕೆ ಎಷ್ಟು ಸಲ ತಿನ್ನುತ್ತೀರಿ ಅಂತ ಕೇಳುವ ಪಟ್ಟಿ. ಅಮೆರಿಕದಲ್ಲಿ ನರ್ಸ್‌ಗಳ ಆರೋಗ್ಯದ ದೊಡ್ಡ ಅಧ್ಯಯನ 1976ರಲ್ಲಿ ಶುರುವಾಯಿತು. 1980ರಲ್ಲಿ ವಾಲ್ಟರ್ ವಿಲೆಟ್ ಮತ್ತು ಜೊತೆಗಾರರು ಅದಕ್ಕೆ ಆಹಾರದ ಪಟ್ಟಿ ಸೇರಿಸಿದರು. ಇವತ್ತು ಪತ್ರಿಕೆಯಲ್ಲಿ ಓದುವ ಎಷ್ಟೋ ಆಹಾರದ ಸುದ್ದಿಗಳ ಮೂಲ ಅಂಥ ಪಟ್ಟಿಗಳು. ಆದರೆ ಅಲ್ಲಿನ ಪಟ್ಟಿ ಹಿಡಿದು ಹೊಸನಗರಕ್ಕೆ ಹೋದರೆ ಏನು ಪ್ರಯೋಜನ? ಬೆಂಗಳೂರಿನಲ್ಲಿ ಮಾಡಿದ ಪಟ್ಟಿಯೂ ಇಲ್ಲಿಗೆ ಸಾಲುವುದಿಲ್ಲ. ಇಡ್ಲಿ, ದೋಸೆ, ಚಪಾತಿ ಎಲ್ಲ ಇರುತ್ತದೆ. ತಂಬುಳಿ ಇರುವುದಿಲ್ಲ, ಕಳಲೆ (ಎಳೆ ಬಿದಿರು) ಇರುವುದಿಲ್ಲ, ಅಪ್ಪೆಹುಳಿ ಇರುವುದಿಲ್ಲ.

ಹಾಗಾಗಿ ಪಟ್ಟಿಯನ್ನು ಇಲ್ಲೇ ಕಟ್ಟಿದೆ. ಅದೂ ಕಾಲಕ್ಕೆ ತಕ್ಕ ಹಾಗೆ. ಮಲೆನಾಡಿನ ಊಟ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಮಳೆ ಹಿಡಿದರೆ ಕಳಲೆ, ಅಣಬೆ, ಕೆಸುವಿನ ಸೊಪ್ಪಿನ ಪತ್ರೊಡೆ. ಮೀನು ತಿನ್ನುವವರ ಮನೆಯಲ್ಲಿ ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುವ ಮೀನು, ಆಮೇಲೆ ಏಡಿ. ಬೇಸಿಗೆಯಲ್ಲಿ ಹಲಸು ಮುಗಿಯುವವರೆಗೂ ಹಲಸೇ. ಭೂಮಿ ಹುಣ್ಣಿಮೆ ಹೊತ್ತಿಗೆ ಕೆಲವು ಮನೆಗಳಲ್ಲಿ ಎಷ್ಟು ಬಗೆಯ ಕಾಡುಸೊಪ್ಪು, ಕುಡಿಗಳು ಒಂದೇ ಪಾತ್ರೆಗೆ ಬೀಳುತ್ತವೆ ಅಂದರೆ ಬರೆದುಕೊಳ್ಳುವವರಿಗೆ ಕೈ ನೋವು. ಅಡಿಕೆ ಕೊಯ್ಲಿನ ಕಾಲದ್ದು ಇನ್ನೊಂದು ಕಥೆ. ರಾತ್ರಿ ತಡವಾಗುವವರೆಗೂ ಸುಲಿಯುತ್ತಾ ಕೂತವರಿಗೆ ನಡುವೆ ಟೀ, ಮಂಡಕ್ಕಿ, ಅವಲಕ್ಕಿ ಬರುತ್ತಲೇ ಇರುತ್ತದೆ. ಅದನ್ನು ಯಾರೂ ಊಟ ಅಂತ ಎಣಿಸುವುದಿಲ್ಲ. ಫೆಬ್ರವರಿಯಲ್ಲಿ ಬಂದು ಒಂದು ಸಲ ಕೇಳಿ ಹೋದವರು ಬರೆಯುವುದು ಫೆಬ್ರವರಿಯ ಊಟ ಮಾತ್ರ.

ಪಟ್ಟಿ ಒಂದು ಕಡೆ, "ನಿನ್ನೆ ಏನೇನು ತಿಂದ್ರಿ" ಅನ್ನುವ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಇನ್ನೊಂದು ಕಡೆ. ನಾಳೆ ಬರುತ್ತೇವೆ ಅಂತ ಹೇಳಿ ಹೋಗಿ ಅವತ್ತಿನ ಅಡುಗೆ ತೂಗಿದರೆ ಪಾಯಸವೂ ಸೇರಿರುತ್ತದೆ. ನಿನ್ನೆಯದನ್ನು ಕೇಳುವುದೇ ವಾಸಿ. ನೇರವಾಗಿ ಕೇಳಿದರೆ ಸಿಗುವ ಉತ್ತರ ಒಂದೇ: "ಎಂಥದಿದೆ ತಂಗಿ, ಅನ್ನ, ಸಾರು, ಮಜ್ಜಿಗೆ." ಅದು ಸುಳ್ಳಲ್ಲ. ಆದರೆ ಅರ್ಧ ದಿನ ಅದರಲ್ಲಿ ಕಾಣೆಯಾಗಿದೆ. ನಾನು ಊಟದ ಹೆಸರು ಬಿಟ್ಟು ಕೆಲಸದ ಹಾದಿ ಹಿಡಿದು ಕೇಳುತ್ತೇನೆ. ಅಜ್ಜಿ, ಎದ್ದು ಕೊಟ್ಟಿಗೆಗೆ ಹೋಗುವ ಮುಂಚೆ ಏನು ಕುಡಿದ್ರಿ? ಹಾಲು ಕರೆದು ಬಂದ ಮೇಲೆ? ತೋಟದಿಂದ ಬಂದಾಗ? ನೆಂಟರು ಬಂದಿದ್ರಾ? ಆಗ ಒಂದೊಂದೇ ಹೊರಗೆ ಬರುತ್ತದೆ. ಲೋಟದ ತುಂಬ ಸಿಹಿ ಕಾಫಿ, ಅದೂ ನಾಲ್ಕು ಸಲ. ರೊಟ್ಟಿಗೆ ತುಪ್ಪ, ಜೋನಿಬೆಲ್ಲ. ಸಂಜೆ ಎರಡು ಹಪ್ಪಳ. ಅಜ್ಜಿ ಮರೆತದ್ದನ್ನು ಒಳಗಿನಿಂದ ಸೊಸೆ ನೆನಪಿಸುತ್ತಾಳೆ, "ಅತ್ತೆ, ಮಧ್ಯಾಹ್ನ ಬಾಳೆಹಣ್ಣು ತಿಂದ್ರಲ್ಲ!" ಎಣ್ಣೆ ಎಷ್ಟು ಬಿತ್ತು ಅಂತ ಮಾಡಿದವರಿಗೆ ಗೊತ್ತು, ಎಷ್ಟು ಬಡಿಸಿಕೊಂಡರು ಅಂತ ಉಂಡವರಿಗೆ ಗೊತ್ತು. ಇಬ್ಬರನ್ನೂ ಕೂರಿಸಿಕೊಳ್ಳದೆ ನಾನು ಫಾರ್ಮ್ ಮುಗಿಸುವುದಿಲ್ಲ.

ಅಳತೆಗೆ ಆ ಮನೆಯ ಸೌಟು, ಆ ಮನೆಯ ಲೋಟ. ದಿನಾ ಎಷ್ಟು ಹಾಕಿಕೊಳ್ಳುತ್ತೀರೋ ಅಷ್ಟೇ ಅನ್ನ ತಟ್ಟೆಗೆ ಬಡಿಸಿ ತೋರಿಸಿ ಅನ್ನುತ್ತೇನೆ, ತೂಗಿ ಬರೆದುಕೊಳ್ಳುತ್ತೇನೆ. ಆಮೇಲೆ ಅದನ್ನು ಪೋಷಕಾಂಶಕ್ಕೆ ತಿರುಗಿಸುವ ಕೆಲಸ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಕೋಷ್ಟಕದಲ್ಲಿ 528 ಆಹಾರಗಳ ಪೋಷಕಾಂಶದ ಲೆಕ್ಕ ಇದೆ. ಅದಿಲ್ಲದೆ ನಮ್ಮ ಕೆಲಸ ನಡೆಯುವುದೇ ಇಲ್ಲ. ಆದರೆ ಮನೆಯ ಅಡುಗೆ ಹಾಗೆಹಾಗೇ ಕೋಷ್ಟಕದಲ್ಲಿ ಸಿಗುವುದಿಲ್ಲ. ಒಂದೆಲಗದ ತಂಬುಳಿಗೆ ಸೊಪ್ಪೆಷ್ಟು, ಕಾಯಿ ಎಷ್ಟು, ಮಜ್ಜಿಗೆ ಎಷ್ಟು, ಒಗ್ಗರಣೆಗೆ ತುಪ್ಪ ಎಷ್ಟು ಅಂತ ಬಿಡಿಸಿ, ಒಂದೊಂದನ್ನೂ ಕೂಡಿಸಬೇಕು. ಬೇಜಾರಿನ ಕೆಲಸ. ವಿದ್ಯಾರ್ಥಿಗಳು ಓಡಿಹೋಗುವುದು ಇಲ್ಲೇ.

ಉಪ್ಪಿನ ವಿಷಯಕ್ಕೆ ಬಂದರೆ ಬಾಯಿಮಾತು ಸಾಲುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದಷ್ಟು. ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತೀರಿ ಅಂತ ಕೇಳಿ ಮನೆಮಂದಿಗೆ ಭಾಗಿಸಿದರೆ ಒಂದು ಅಂದಾಜು ಸಿಗುತ್ತದೆ. ಆದರೆ ಅದರಲ್ಲಿ ಮಿಡಿ ಉಪ್ಪಿನಕಾಯಿ ಭರಣಿಗೆ ಸುರಿದ ಕಲ್ಲುಪ್ಪು ಬರುವುದಿಲ್ಲ, ಹಪ್ಪಳ, ಸಂಡಿಗೆ, ಒಣಮೀನಿನ ಉಪ್ಪು ಬರುವುದಿಲ್ಲ, ಪೇಟೆಯ ಬೇಕರಿ ಖಾರ ಬರುವುದಿಲ್ಲ. ನಂಬುವಂಥ ದಾರಿ ಒಂದೇ, ಒಂದು ಪೂರ್ತಿ ದಿನದ ಮೂತ್ರ. ತಿಂದ ಸೋಡಿಯಂನಲ್ಲಿ ನೂರಕ್ಕೆ ತೊಂಬತ್ತರಷ್ಟು ಅದರಲ್ಲೇ ಹೊರಗೆ ಹೋಗುತ್ತದೆ. ಒಂದು ಗ್ರಾಂ ಸೋಡಿಯಂ ಅಂದರೆ ಸುಮಾರು ಎರಡೂವರೆ ಗ್ರಾಂ ಉಪ್ಪು.

ಹೇಳುವುದು ಸುಲಭ, ಮಾಡಿಸುವುದು ಕೇಳಬೇಡಿ. ಬೆಳಗಿನ ಮೊದಲನೆಯದನ್ನು ಬಿಡಬೇಕು, ಆಮೇಲಿನದ್ದೆಲ್ಲ ಕ್ಯಾನಿಗೆ, ಮಾರನೆಯ ಬೆಳಗಿನ ಮೊದಲನೆಯದೂ ಕ್ಯಾನಿಗೆ. ತೋಟಕ್ಕೆ ಹೋದವರು ಕ್ಯಾನು ಹೊತ್ತುಕೊಂಡು ಹೋಗುತ್ತಾರಾ? ಹೆಂಗಸರು ಮಾವನ ಎದುರು ಅದನ್ನು ಎಲ್ಲಿ ಇಡುತ್ತಾರೆ? ನಾನು ಕಪ್ಪು ಚೀಲ ಕೊಡಲು ಶುರುಮಾಡಿದೆ, ಜೊತೆಗೆ ಒಂದು ಚಿಕ್ಕ ಡಬ್ಬಿ. ಚೀಲ ಕೊಟ್ಟಿಗೆಯ ಮೂಲೆಯಲ್ಲಿ ನೆಮ್ಮದಿಯಾಗಿ ಇರುತ್ತದೆ, ಡಬ್ಬಿ ತೋಟಕ್ಕೆ ಹೋಗುತ್ತದೆ. ಹಬ್ಬದ ದಿನ, ಮನೆಯಲ್ಲಿ ದೇವಕಾರ್ಯ ಇರುವ ದಿನ ಕೇಳುವುದಿಲ್ಲ. ಪೂರ್ತಿ ಹಿಡಿದರೋ ಇಲ್ಲವೋ ಅಂತ ಕ್ರಿಯಾಟಿನಿನ್ ನೋಡಿ ಅಂದಾಜು ಮಾಡುತ್ತೇವೆ; ಅದು ದಿನಾ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬರುವ ಅಂಶ. ಕಮ್ಮಿ ಅನಿಸಿದರೆ ಬೈಯುವ ಹಾಗಿಲ್ಲ. ಇನ್ನೊಂದು ದಿನ ಮಾಡೋಣ ಅಂತ ಕಾಫಿ ಕುಡಿದು ಬರುವುದು.

ಅಡಿಕೆಯ ಪ್ರಶ್ನೆ ಇದಕ್ಕಿಂತ ನಾಜೂಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ತಂಬಾಕಿಲ್ಲದ ಕವಳವನ್ನೂ (ಎಲೆಯಡಿಕೆ) ಸೇರಿಸಿ, ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಹಾಕಿದೆ. ಬಾಯಿ ಬಿಗಿದುಕೊಂಡು ತೆರೆಯಲಾಗದ ಹಾಗೆ ಆಗುವ ತೊಂದರೆಗೂ ಅಡಿಕೆ ಜಗಿಯುವುದಕ್ಕೂ ನೇರ ಸಂಬಂಧ ಇದೆ. ನಾನು ಕೂತು ಈ ಪ್ರಶ್ನೆ ಕೇಳುವ ಜಗಲಿಯೇ ಅಡಿಕೆ ದುಡ್ಡಿನಲ್ಲಿ ಕಟ್ಟಿದ್ದು. ಮಕ್ಕಳ ಓದು, ಮದುವೆ, ಮನೆ ಸಾಲ ಎಲ್ಲ ಅದರಲ್ಲೇ. ಹಾಗಂತ ಕೇಳದೆ ಬಿಡಲು ಬರುವುದಿಲ್ಲ. ಕಾಫಿ ಎಷ್ಟು ಅಂತ ಕೇಳಿದ ದನಿಯಲ್ಲೇ ಕವಳ ಎಷ್ಟು ಅಂತ ಕೇಳುತ್ತೇನೆ. ಹಸಿ ಅಡಿಕೆಯಾ, ಬೇಯಿಸಿ ಒಣಗಿಸಿದ್ದಾ? ಹೊಗೆಸೊಪ್ಪು ಉಂಟಾ? ರಾತ್ರಿ ಬಾಯಲ್ಲಿ ಇಟ್ಟುಕೊಂಡೇ ಮಲಗುತ್ತೀರಾ? ಗುಟ್ಕಾಕ್ಕೆ ಬೇರೆ ಸಾಲು. ಒಬ್ಬರು ಹಿರಿಯರು ಅರ್ಧಕ್ಕೇ ತಡೆದು, "ನಿಮ್ಮ ಲೆಕ್ಕ ಮುಗಿದ ಮೇಲೆ ರೇಟು ಬಿದ್ದರೆ ಯಾರು ಕೊಡ್ತಾರೆ?" ಅಂದರು. ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ, ಆದರೆ ಸಾಲು ಖಾಲಿ ಬಿಡಲೂ ಇಲ್ಲ.

ಊಟಕ್ಕೂ ಕಾಯಿಲೆಗೂ ಗಂಟು ಹಾಕುವ ಆತುರಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಕಡಿವಾಣ ಇದೆ. 1970ರ ದಶಕದಲ್ಲಿ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಕೆಲವು ಬಡ ಕುಟುಂಬಗಳಲ್ಲಿ ಸೊಂಟ, ಮಂಡಿ ಕೀಲುಗಳು ಸವೆದು ನಡೆಯಲಾಗದ ಕಾಯಿಲೆ ಕಾಣಿಸಿತು. ಗದ್ದೆಗೆ ಕೀಟನಾಶಕ ಹೊಡೆಯುತ್ತಿದ್ದ ಕಾಲ. ಆ ಮನೆಯವರು ಗದ್ದೆಯ ಏಡಿ ತಿನ್ನುತ್ತಿದ್ದರು. ಏಡಿಯ ಮೇಲೆ ಅನುಮಾನ ಬಂತು. ಆಮೇಲಿನ ವರ್ಷಗಳ ಅಧ್ಯಯನದಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಬರುವ ವಂಶವಾಹಿ ಕಾಯಿಲೆ ಅಂತ ಗೊತ್ತಾಯಿತು. ಒಂದೇ ಮನೆಯವರು ಒಂದೇ ಪಾತ್ರೆಯಲ್ಲಿ ಉಣ್ಣುತ್ತಾರೆ, ಒಂದೇ ರಕ್ತವನ್ನೂ ಹಂಚಿಕೊಂಡಿರುತ್ತಾರೆ. ಎರಡನ್ನೂ ಬೇರೆ ಮಾಡುವುದೇ ಕಷ್ಟ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ, ಸಂಖ್ಯಾಶಾಸ್ತ್ರ ಆಮೇಲೆ.

ದೂರದ್ದೂ ಒಂದಿದೆ. ಹಣ್ಣು, ತರಕಾರಿ ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ನೋಡಿ, ಅವುಗಳಲ್ಲಿರುವ ಬೀಟಾ ಕೆರೋಟಿನ್ ಅನ್ನೇ ಮಾತ್ರೆ ಮಾಡಿ ಕೊಟ್ಟರೆ ಆಯ್ತಲ್ಲ ಅಂದುಕೊಂಡರು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತಿಂದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18 ಜಾಸ್ತಿ. ತಟ್ಟೆಯಲ್ಲಿ ಇರುವುದನ್ನು ಮಾತ್ರೆಗೆ ಇಳಿಸಲು ಆಗಲಿಲ್ಲ.

ಇಲ್ಲಿನ ಗಂಡಸರು ನನಗೆ ಹೇಳುವ ಮಾತು, "ನಾನು ಇಷ್ಟು ಸಪೂರ ಇದೀನಿ, ನಂಗೆಂಥ ಶುಗರ್?" ಪುಣೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಇದಕ್ಕೆ ತಮ್ಮನ್ನೇ ಉದಾಹರಣೆ ಮಾಡಿ ತೋರಿಸಿದರು. ಅವರದ್ದೂ ಅವರ ಇಂಗ್ಲಿಷ್ ಸಹೋದ್ಯೋಗಿಯದ್ದೂ ಒಂದೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ), 22.3. ಯಾಜ್ಞಿಕ್ ಅವರ ಮೈಯಲ್ಲಿ ಕೊಬ್ಬು ಶೇಕಡ 21.2, ಆ ಇಂಗ್ಲಿಷಿನವರಲ್ಲಿ ಬರೀ 9.1. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಅದಕ್ಕೇ ತೂಕದ ಜೊತೆ ಟೇಪ್ ಹಿಡಿದು ಹೊಟ್ಟೆಯ ಸುತ್ತಳತೆ ನೋಡುವುದನ್ನೂ ನಾನು ಬಿಡುವುದಿಲ್ಲ. ನಮ್ಮಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ. ಇದರ ಬೇರು ಹುಟ್ಟುವ ಮುಂಚಿನಿಂದಲೂ ಇರಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹುಟ್ಟುತೂಕದ ದಾಖಲೆ ಹಿಡಿದು, ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಹುಡುಕಿ ನೋಡಿದರು. ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. ಆ ಕಾಲದ ನರ್ಸಮ್ಮಂದಿರ ಅಕ್ಷರ ನೆನೆದರೆ ನನಗೆ ಹೊಟ್ಟೆಕಿಚ್ಚು.

ರಕ್ತ ಕೊಡಲು ಇಲ್ಲಿ ಜನ ಹೆದರುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿದಾಗಿನಿಂದ ಸಿರಿಂಜ್ ಹಿಡಿದು ಬರುವವರನ್ನು ನೋಡಿದ್ದಾರೆ. ಅವರ ಸಿಟ್ಟು ಬೇರೆ: ತೆಗೆದುಕೊಂಡು ಹೋದವರು ರಿಪೋರ್ಟ್ ಕೊಡುವುದಿಲ್ಲ. ನಾವು ಪ್ರತಿ ಮನೆಗೂ ಕನ್ನಡದಲ್ಲಿ ಚೀಟಿ ಬರೆದು ಕೊಡುತ್ತೇವೆ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಮೇಲಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇನ್ನೊಮ್ಮೆ ನೋಡಿಸಿ ಅಂತ, 100ರಿಂದ 125ರ ನಡುವೆ ಇದ್ದರೆ ಮುಂದಿನ ವರ್ಷ ಮತ್ತೆ ನೋಡೋಣ ಅಂತ.

ಚೀಟಿ ಕೊಡುವಾಗ ಮತ್ತೆ ಅದೇ ಪ್ರಶ್ನೆ. ಕುಚ್ಚಲಕ್ಕಿ ತಿಂದರೆ ಶುಗರ್ ಬರಲ್ವಾ? ಅನ್ನ ಸ್ವಲ್ಪ ಕಮ್ಮಿ, ಕಾಳು, ಸೊಪ್ಪು ಜಾಸ್ತಿ, ಕಾಫಿಗೆ ಸಕ್ಕರೆ ಕಮ್ಮಿ, ಉಪ್ಪಿನಕಾಯಿ ಅರ್ಧ ಮಿಡಿ ಅಂತ ಹೇಳುತ್ತೇನೆ. ಇಷ್ಟಕ್ಕೆ ಆಧಾರ ಗಟ್ಟಿ ಇದೆ. ಕುಚ್ಚಲಕ್ಕಿಯ ಬಗ್ಗೆ ಮಾತ್ರ ತಡೆಯುತ್ತೇನೆ. ಅದನ್ನು ದಿನಾ ತಿನ್ನುವವರು ನಮ್ಮ ಪಟ್ಟಿಯಲ್ಲಿ ಹೆಚ್ಚಾಗಿ ತೋಟ, ಗದ್ದೆಯಲ್ಲಿ ಮೈಮುರಿದು ದುಡಿಯುವವರು. ಅಕ್ಕಿಯ ಪಾಲೆಷ್ಟು, ದುಡಿಮೆಯ ಪಾಲೆಷ್ಟು ಅಂತ ಬಿಡಿಸಬೇಕಾದರೆ ಇದೇ ಮನೆಗಳಿಗೆ ಇನ್ನೂ ಕೆಲವು ವರ್ಷ ಹೋಗಬೇಕು. ಈ ಸಲ ಮಳೆ ಹಿಡಿದ ಮೇಲೆ ಹೊಸನಗರದ ಕಡೆಯಿಂದ ಶುರು.