ಕುಲಾವಿ ಸರಿಯಾದ ಮೇಲೆ ನಮ್ಮ ಬಬಲ್ ಸಿಪ್ಯಾಪ್ ಕೈಗೂಡಿತು

ಅವಧಿಗೆ ಮುನ್ನ ಹುಟ್ಟಿ ಉಸಿರಿಗೆ ಒದ್ದಾಡುವ ಕೂಸಿನ ಶ್ವಾಸಕೋಶ ಕುಸಿಯದಂತೆ ಮೂಗಿನ ಮೂಲಕ ಸದಾ ಒಂದಿಷ್ಟು ಗಾಳಿಯ ಒತ್ತಡ ಕೊಡುವುದೇ ಸಿಪ್ಯಾಪ್. ಹೊರಹೋಗುವ ಕೊಳವೆಯನ್ನು ನೀರಿನ ಬಾಟಲಿಯಲ್ಲಿ ಎಷ್ಟು ಸೆಂಟಿಮೀಟರ್ ಮುಳುಗಿಸುತ್ತೇವೋ ಅಷ್ಟು ಒತ್ತಡ; ಅಲ್ಲಿ ಗುಳ್ಳೆ ಏಳುವುದರಿಂದ ಅದು ಬಬಲ್ ಸಿಪ್ಯಾಪ್. ವೆಂಟಿಲೇಟರ್ ಇಲ್ಲದ ಊರಿನಲ್ಲಿ ಸಿಪ್ಯಾಪ್ ಹಾಕುವುದು ಬರಿಯ ಕಾಲಹರಣ, ಕೂಸು ಸೋತರೆ ಎಲ್ಲಿಗೆ ಓಡುತ್ತೀಯ ಎಂದು ಹಿರಿಯ ವೈದ್ಯರೊಬ್ಬರು ಬುದ್ಧಿ ಹೇಳಿದ್ದರು. ಓಡುವುದು ಮೊದಲೂ ಇದ್ದದ್ದೇ. ಕೊಪ್ಪಳ ಜಿಲ್ಲೆಯ ನಮ್ಮ ಊರಿನಿಂದ ಹುಬ್ಬಳ್ಳಿಗೆ ಎರಡೂವರೆ ಗಂಟೆ. ತಲೆಗೆ ಕವುಚಿದ ಡಬ್ಬಿಯ, ಅಂದರೆ ಹುಡ್ ಆಕ್ಸಿಜನ್‌ನಲ್ಲಿ ನರಳುತ್ತಾ ಹೊರಟ ಒಂದೂವರೆ ಕಿಲೋದ ಕೂಸು ಗದಗ ದಾಟುವಷ್ಟರಲ್ಲಿ ನೀಲಿಗಟ್ಟುತ್ತಿತ್ತು. ಈಗ 30ರಿಂದ 34 ವಾರಕ್ಕೇ ಹುಟ್ಟಿದ ಕೂಸುಗಳಲ್ಲಿ ಹತ್ತಕ್ಕೆ ಏಳೆಂಟು ನಮ್ಮ ನರ್ಸಿಂಗ್ ಹೋಮಿನಲ್ಲೇ ಚೇತರಿಸಿಕೊಂಡು ಮನೆಗೆ ಹೋಗುತ್ತಿವೆ. ಒಂದು ಕಿಲೋಗಿಂತ ಸಣ್ಣವು, 7 ಸೆಂಟಿಮೀಟರ್ ಒತ್ತಡದಲ್ಲೂ 40%ಗಿಂತ ಹೆಚ್ಚು ಆಕ್ಸಿಜನ್ ಬೇಡುವವು, ಪದೇ ಪದೇ ಉಸಿರು ನಿಲ್ಲಿಸುವವು ಈಗಲೂ ಹುಬ್ಬಳ್ಳಿಗೇ. ಬುದ್ಧಿ ಹೇಳಿದ ಹಿರಿಯರು ಕಳೆದ ವರ್ಷ ತಮ್ಮ ಕಿರಿಯರಿಬ್ಬರನ್ನು ನಮ್ಮಲ್ಲಿಗೆ ನೋಡಿಕೊಂಡು ಬರಲು ಕಳುಹಿಸಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ.

ದುಡ್ಡಿನ ಮಾತು. ಗಾಳಿಗೆ ಆಕ್ಸಿಜನ್ ಬೆರೆಸುವ ಬ್ಲೆಂಡರ್, ತೇವ ಕೊಡುವ ಹ್ಯುಮಿಡಿಫೈಯರ್ ಸೇರಿ ಯಂತ್ರಕ್ಕೆ ಎರಡು ಲಕ್ಷದ ಆಸುಪಾಸು. ಎಣ್ಣೆರಹಿತ ಕಂಪ್ರೆಸರ್‌ಗೆ ಮತ್ತೆ ನಲವತ್ತು ಸಾವಿರ ಇರಬೇಕು. ಯಂತ್ರವಿಲ್ಲದೆ ಆಕ್ಸಿಜನ್ ಕ್ಯಾನುಲಾ (ಮೂಗಿಗೆ ಹಾಕುವ ನಳಿಕೆ), ಸಲೈನ್ ಕೊಳವೆ, ನೀರಿನ ಬಾಟಲಿ ಸೇರಿಸಿ ಮಾಡುವ ಅಗ್ಗದ ಜೋಡಣೆ ನಮ್ಮ ವೈದ್ಯರಿಗೆಲ್ಲ ಗೊತ್ತು. ಅದರಲ್ಲಿ ಶುದ್ಧ ಆಕ್ಸಿಜನ್ ಕೊಟ್ಟು ಉಸಿರು ಉಳಿಸಿ, ಅದೇ ಆಕ್ಸಿಜನ್ ಹೆಚ್ಚಾಗಿ ಕೂಸಿನ ಕಣ್ಣು ಕಳೆಯುವ ವ್ಯಾಪಾರ ನನಗೆ ಬೇಡವೆನಿಸಿತು. ಅದು ಅಗ್ಗವೂ ಅಲ್ಲ. ನಿಮಿಷಕ್ಕೆ 6 ಲೀಟರ್ ಎಳೆದರೆ ಜಂಬೋ ಸಿಲಿಂಡರ್ ಒಂದು ದಿನವೂ ಬಾಳುವುದಿಲ್ಲ. ಅದೇ 6 ಲೀಟರಿನಲ್ಲಿ 5 ಗಾಳಿ, 1 ಆಕ್ಸಿಜನ್ ಆದರೆ 34% ಸಿಗುತ್ತದೆ, ಸಿಲಿಂಡರ್ ನಾಲ್ಕೈದು ದಿನ ಬರುತ್ತದೆ.

ಯಂತ್ರ ಬಂದ ಮೇಲೂ ಕೂಸುಗಳು ಸೋಲುತ್ತಲೇ ಇದ್ದವು. ಕೊಳವೆ ನೀರಿನಲ್ಲಿ 5 ಸೆಂಟಿಮೀಟರ್ ಆಳ, ಗುಳ್ಳೆ ಜೋರು, ಆದರೂ ಪಕ್ಕೆ ಒಳಸೇದುತ್ತಿತ್ತು. ರಾತ್ರಿ ಪಾಳಿಯಲ್ಲಿ ಕುಳಿತು ನೋಡಿದಾಗ ಗುಟ್ಟು ತಿಳಿಯಿತು: ಮೂಗಿಗೆ ಹಾಕುವ ಪುಟ್ಟ ನಳಿಕೆಗಳಾದ ಪ್ರಾಂಗ್ಸ್ ಜಾರಿ ಗುಳ್ಳೆ ನಿಂತಾಗಲೆಲ್ಲ ಪಾಳಿಯಲ್ಲಿದ್ದವರ ಕೈಯಲ್ಲಿ ಫ್ಲೋ (ಗಾಳಿಯ ಹರಿವು) ನಿಮಿಷಕ್ಕೆ 6 ಲೀಟರಿನಿಂದ 10ಕ್ಕೆ ಏರುತ್ತಿತ್ತು. ಗುಳ್ಳೆ ಮರಳಿ ಬರುತ್ತಿತ್ತು, ಒತ್ತಡ ಮಾತ್ರ ಶ್ವಾಸಕೋಶ ಮುಟ್ಟುತ್ತಿರಲಿಲ್ಲ. ಇನ್ನೊಂದು ಕಾಟ ಇದರ ತದ್ವಿರುದ್ಧ. ಹೊರಹೋಗುವ ಕೊಳವೆಯ ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು. ಮೂಗಿನ ಬಳಿ ಒತ್ತಡ ಅಳೆಯುವ ಮ್ಯಾನೊಮೀಟರ್ ಸೇರಿಸಿ ನೋಡಿದರೆ 5 ಇರಬೇಕಾದಲ್ಲಿ 8 ತೋರಿಸಿತು. ಅಂದಿನಿಂದ ಫ್ಲೋ ಗುಂಡಿಗೆ ಪ್ಲಾಸ್ಟರ್ ಸುತ್ತಿದ್ದೇವೆ. ಗುಳ್ಳೆ ನಿಂತರೆ ಮೊದಲು ಮೂಗು, ಆಮೇಲೆ ಬಾಯಿ, ಆಮೇಲೆ ಕೊಳವೆ ನೋಡಬೇಕು.

ಪ್ರಾಂಗ್ಸ್ ಜಾರುತ್ತಿದ್ದುದು ಅದನ್ನು ಹಿಡಿದಿಡುವ ಟೋಪಿಯಿಂದ. ಐನೂರು ರೂಪಾಯಿಯ ಸಿದ್ಧ ಟೋಪಿ ಆ ಪುಟ್ಟ ತಲೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಬಸ್ ನಿಲ್ದಾಣದ ಎದುರಿನ ದರ್ಜಿಯನ್ನು ವಾರ್ಡಿಗೆ ಕರೆಸಿ, ಬನಿಯನ್ ಬಟ್ಟೆಯಲ್ಲಿ ಕುಲಾವಿ ಹೊಲಿಸಿದೆ. ಮೊದಲಿನವು ಬಿಗಿಯಾಗಿ ಹಣೆಯ ಮೇಲೆ ಗೆರೆ ಮೂಡಿಸಿದವು, ನಂತರದವು ಒಗೆದೊಡನೆ ಸಡಿಲವಾದವು. ಈಗಿನದಕ್ಕೆ ಅರವತ್ತು ರೂಪಾಯಿ. ತಲೆ ತಿರುಗಿಸಿದರೂ ಪ್ರಾಂಗ್ಸ್ ಕದಲುವುದಿಲ್ಲ. ಕಿವಿಯ ಮೇಲಿನ ಪಟ್ಟಿಯನ್ನು ಯಾವ ಓರೆಯಲ್ಲಿ ಹೊಲಿಯಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ತೋರಿಸುತ್ತೇನೆ.

ಮೂಗಿನ ನಡುಗೋಡೆಗೂ ಪ್ರಾಂಗ್ಸ್‌ಗೂ ನಡುವೆ 2 ಮಿಲಿಮೀಟರ್ ಸಂದು ಇರಲೇಬೇಕು. ನಮ್ಮ ಹಿರಿಯ ಸಿಸ್ಟರ್ ಎರಡು ಗಂಟೆಗೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಾರೆ. ಚರ್ಮ ಬಿಳಿಚಿದ್ದರೆ ಯಾರನ್ನೂ ಕೇಳದೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಬಾಯಿಯಿಂದ ಹಾಕಿದ ಹೊಟ್ಟೆಯ ನಳಿಕೆಯ ತುದಿ ಗಾಳಿ ಹೊರಬರುವಂತೆ ತೆರೆದಿದೆಯೇ ಎಂಬುದೂ ಅವರ ಲೆಕ್ಕದಲ್ಲೇ. ಅವರ ಸಂಬಳಕ್ಕೆ ಎರಡು ಸಾವಿರ ಸೇರಿಸಿದ್ದು ಯಂತ್ರಕ್ಕೆ ಹಾಕಿದ ದುಡ್ಡಿಗಿಂತ ಚೆನ್ನಾಗಿ ದುಡಿಯಿತು.

ನಡುವೆ ಒಂದು ಹುಚ್ಚು ಪ್ರಯೋಗವೂ ನಡೆಯಿತು. ಗುಳ್ಳೆಯ ಸದ್ದು ನಿಂತರೆ ಮೊಬೈಲ್ ಕೂಗಿಕೊಳ್ಳುವಂತೆ ಇಂಜಿನಿಯರಿಂಗ್ ಓದುವ ಸೋದರಳಿಯ ಏನೋ ಮಾಡಿಕೊಟ್ಟ. ಕಂಪ್ರೆಸರ್ ಗದ್ದಲದಲ್ಲಿ ಅದಕ್ಕೆ ಗುಳ್ಳೆಯೇ ಕೇಳಿಸಲಿಲ್ಲ. ಸಿಪ್ಯಾಪ್ ಸಮೇತ ಕೂಸನ್ನು ತಾಯಿಯ ಎದೆಗೆ ಕಟ್ಟಿದ್ದು ಮಾತ್ರ ಫಲ ಕೊಟ್ಟಿತು. ಹುಟ್ಟಿದ ಕೂಡಲೇ ಹೀಗೆ ಮೈಗೆ ಮೈ ತಾಗಿಸುವ ಕಾಂಗರೂ ಆರೈಕೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದು ಭಾರತವೂ ಸೇರಿದ ಐದು ದೇಶಗಳ ಅಧ್ಯಯನ 2021ರಲ್ಲಿ ತೋರಿಸಿದ ಮೇಲೆ ನನಗೂ ಧೈರ್ಯ ಬಂದಿತ್ತು. ಬಾಟಲಿಯನ್ನೇ ದಿಟ್ಟಿಸುತ್ತಿದ್ದ ಅಜ್ಜಿಯೊಬ್ಬರು, "ಸಾಹೇಬರೇ, ಕೂಸು ನೀರೊಳಗೆ ಉಸಿರಾಡುತ್ತಿದೆಯೇ?" ಎಂದು ಕೇಳಿದರು. ಹೌದೆಂದೆ. ಮುಂದೆ ಗುಳ್ಳೆ ನಿಂತಾಗಲೆಲ್ಲ ಸಿಸ್ಟರ್‌ಗಿಂತ ಮೊದಲು ಅವರೇ ಕೂಗುತ್ತಿದ್ದರು.

ಶ್ವಾಸಕೋಶ ಅಂಟಿಕೊಳ್ಳದಂತೆ ಒಳಗೆ ಬಿಡುವ ಔಷಧ ಸರ್ಫ್ಯಾಕ್ಟಂಟ್ ವಿಚಾರದಲ್ಲಿ ನಾನು ಜಿಪುಣ. ಬೇಕಾಗುವ ಆಕ್ಸಿಜನ್ 30% ದಾಟಿದರೆ ಶ್ವಾಸನಾಳಕ್ಕೆ ತೆಳು ಕ್ಯಾಥೆಟರ್‌ನಿಂದ ಕೊಡುತ್ತೇನೆ, ತಡ ಮಾಡುವುದಿಲ್ಲ. ಆದರೆ ವಯಲ್ ಒಂದಕ್ಕೆ ಹತ್ತು ಹನ್ನೆರಡು ಸಾವಿರ, ಫ್ರಿಜ್‌ನಲ್ಲಿಟ್ಟದ್ದು ಅವಧಿ ಮುಗಿದರೆ ನಷ್ಟ ನನ್ನದೇ. ಅದಕ್ಕೇ ಊರಿನ ಹೆರಿಗೆ ವೈದ್ಯರ ಬೆನ್ನು ಬಿದ್ದಿದ್ದೇನೆ: 34 ವಾರದೊಳಗೆ ಹೆರಿಗೆ ನೋವು ಕಾಣಿಸಿಕೊಂಡರೆ ತಾಯಿಗೆ, ಕೂಸಿನ ಶ್ವಾಸಕೋಶ ಬಲಿಸುವ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ ನಾಲ್ಕು ಸಲ. ಚಿಲ್ಲರೆ ಕಾಸಿನ ಚುಚ್ಚುಮದ್ದು. ಅದು ಪೂರ್ತಿ ಸಿಕ್ಕ ಕೂಸುಗಳು ಹೆಚ್ಚಾಗಿ ಎರಡು ಮೂರು ದಿನದಲ್ಲಿ ಸಿಪ್ಯಾಪ್ ಬಿಡುತ್ತವೆ. ನನ್ನ ಬಿಲ್ಲೂ ಇಳಿಯುತ್ತದೆ, ಅದು ಬೇರೆ ಮಾತು.