‘ಮಾಡ್’ ಲೆಕ್ಕಕ್ಕೆ ನಾನು ಹಿಡಿದ ಸೆಂಟ್ರಲ್ ಲೈನ್

ಡೊಂಬಿವಲಿಯ ನಮ್ಮ ಮನೆ ಹಾಲ್‌ನಲ್ಲೇ ಸಂಜೆ ಟ್ಯೂಷನ್ ನಡೆಸುತ್ತೇನೆ. ಬರುವವರಲ್ಲಿ ನಮ್ಮ ಕಡೆಯ ಮಕ್ಕಳೇ ಜಾಸ್ತಿ. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಕಾಲೇಜಿನಲ್ಲಿ ಇಂಗ್ಲಿಷ್, ತಮ್ಮತಮ್ಮಲ್ಲಿ ಜಗಳಕ್ಕೆ ಹಿಂದಿ. ಹನ್ನೊಂದನೇ ಕ್ಲಾಸಿನಲ್ಲಿ ಇವರನ್ನು ಕಾಡುವುದು ಎರಡು ನಿಂತ ಗೆರೆಗಳ ನಡುವೆ ಕೂತಿರುವ ಎಕ್ಸ್. ಎಲ್ಲರ ಬಾಯಲ್ಲೂ ಅದು ‘ಮಾಡ್’ (ಮಾಡ್ಯುಲಸ್, ಅಂದರೆ ಸಂಖ್ಯೆಯ ನಿರಪೇಕ್ಷ ಬೆಲೆ). ಆ ಗೆರೆಗಳನ್ನು 1841ರಲ್ಲಿ ಬಳಸಿದವರು ಜರ್ಮನಿಯ ಗಣಿತಜ್ಞ ಕಾರ್ಲ್ ವೈಯರ್‌ಸ್ಟ್ರಾಸ್. ಇಲ್ಲಿ ಎಕ್ಸ್ ಬದಲು ಕ್ಷ ಅಂತ ಬರೆಯುತ್ತೇನೆ.

ಪುಸ್ತಕ ಹೇಳುವುದು ಇಷ್ಟು: ಕ್ಷ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ |ಕ್ಷ| = ಕ್ಷ, ಕಡಿಮೆಯಿದ್ದರೆ |ಕ್ಷ| = −ಕ್ಷ. ತಪ್ಪೇನಿಲ್ಲ. ಆದರೆ ಅಲ್ಲಿಂದ ಶುರು ಮಾಡಲೇಬಾರದು ಅನ್ನುವವಳು ನಾನು. ‘ಮೈನಸ್ ಕ್ಷ ಪ್ಲಸ್ ಹೇಗಾಗುತ್ತೆ ಟೀಚರ್?’ ಅಂತ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ. ಉಳಿದವರು ‘ಮೈನಸ್ ಕಂಡರೆ ಕಿತ್ತುಹಾಕು’ ಅಂತ ಬಾಯಿಪಾಠ ಮಾಡಿಕೊಂಡು, ಎರಡು ಉತ್ತರ ಇರುವಲ್ಲಿ ಒಂದೇ ಬರೆದು ಬರುತ್ತಾರೆ.

ಹಾಗಾಗಿ ನಾನು ಬೋರ್ಡಿನ ಮೇಲೆ ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನ್ ಎಳೆಯುತ್ತೇನೆ. ಲೈನ್ ಶುರುವಾಗುವ ಸ್ಟೇಷನ್ ಸಿಎಸ್‌ಎಂಟಿ ಸೊನ್ನೆ. ದಾದರ್ 9, ಠಾಣೆ 34, ಡೊಂಬಿವಲಿ 48. ಎಲ್ಲ ಸುಮಾರು ಕಿಲೋಮೀಟರ್. (1853ರಲ್ಲಿ ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಹೋಗಿದ್ದೂ ಇದೇ ಠಾಣೆಗೆ.) ಆಮೇಲೆ ಕೇಳುತ್ತೇನೆ: ‘ನಾನೀಗ ಠಾಣೆಯಿಂದ 6 ಕಿಲೋಮೀಟರ್ ದೂರದಲ್ಲಿದ್ದೀನಿ. ಎಲ್ಲಿದ್ದೀನಿ?’ ‘ಯಾವ ಕಡೆ ಅಂತ ಹೇಳಿ ಮೊದಲು’ ಅಂತ ಯಾರಾದರೂ ಕೂಗೇ ಕೂಗುತ್ತಾರೆ. ನನಗೆ ಬೇಕಾಗಿದ್ದೂ ಅದೇ. ಭಾಂಡುಪ್ ದಾಟಿ 28ರಲ್ಲಿರಬಹುದು, ಮುಂಬ್ರಾ ಹತ್ತಿರ 40ರಲ್ಲಿರಬಹುದು. ಆಗ |ಕ್ಷ − 34| = 6 ಅಂತ ಬರೆದು ತೋರಿಸುತ್ತೇನೆ. ಕ್ಷ ಮತ್ತು 34ರ ನಡುವಿನ ದೂರ 6, ಅಷ್ಟೇ. ದೂರಕ್ಕೆ ದಿಕ್ಕಿಲ್ಲ, ಅದಕ್ಕೇ ಎರಡು ಉತ್ತರ. ಬಲಗಡೆ 6 ಬದಲು −2 ಇದ್ದರೆ? ದೂರ ಮೈನಸ್ ಆಗಲ್ಲ ಅಲ್ವಾ, ಉತ್ತರವೇ ಇಲ್ಲ. ಇದನ್ನು ಬಿಡಿಸೋಕೆ ಪೆನ್ ಎತ್ತಲೂಬಾರದು.

|ಕ್ಷ + 3| ಬಂದರೆ −3ರಿಂದ ದೂರ. 3|ಕ್ಷ + 1| − 4 = 11 ಅಂತಿದ್ದರೆ ಮೊದಲು ಮಾಡ್ ಒಂದನ್ನೇ ಎಡಗಡೆ ಉಳಿಸಿಕೊಳ್ಳಬೇಕು. |ಕ್ಷ + 1| = 5, ಅಂದರೆ 4 ಅಥವಾ −6. ಇವೆಲ್ಲ ಬೇಗ ಕೈಗೆ ಹತ್ತುತ್ತವೆ.

ತೊಡಕು ಶುರುವಾಗುವುದು ಬಲಗಡೆಯೂ ಕ್ಷ ಬಂದಾಗ: |ಕ್ಷ − 4| = 2ಕ್ಷ + 1. ಇಲ್ಲಿ ದೂರದ ಚಿತ್ರ ಸಾಲದು, ಪುಸ್ತಕದ ವ್ಯಾಖ್ಯೆಯೇ ಬೇಕು. ಆ ಹೊತ್ತಿಗೆ ಮಕ್ಕಳಿಗೆ ಅದರ ಭಯವೂ ಹೋಗಿರುತ್ತದೆ. ಕ್ಷ 4ರ ಬಲಕ್ಕಿದ್ದರೆ, ಅಥವಾ 4ರಲ್ಲೇ ಇದ್ದರೆ, ಕ್ಷ − 4 = 2ಕ್ಷ + 1. ಬಿಡಿಸಿದರೆ ಕ್ಷ = −5. ಆದರೆ 4ರ ಬಲಕ್ಕಿದ್ದೀನಿ ಅಂತ ಹೊರಟವನು −5ರಲ್ಲಿ ಸಿಕ್ಕರೆ ಹೇಗೆ? ತೆಗೆದುಹಾಕು. ಕ್ಷ 4ರ ಎಡಕ್ಕಿದ್ದರೆ 4 − ಕ್ಷ = 2ಕ್ಷ + 1, ಕ್ಷ = 1. ಇದು ನಿಜಕ್ಕೂ ಎಡಕ್ಕಿದೆ. ಮೂಲ ಸಮೀಕರಣದಲ್ಲಿ ಹಾಕಿದರೆ ಎಡಗಡೆ 3, ಬಲಗಡೆಯೂ 3. ಉತ್ತರ 1 ಮಾತ್ರ.

ಪ್ರತಿ ದಾರಿಯ ಪಕ್ಕ ‘ಕ್ಷ ≥ 4’, ‘ಕ್ಷ < 4’ ಅಂತ ಬರೆಯಲೇಬೇಕು ಅನ್ನುವುದು ನಮ್ಮ ಕ್ಲಾಸಿನ ಕಾನೂನು. ಬರೆಯದಿದ್ದರೆ, ಉತ್ತರ ಸರಿ ಬಂದಿದ್ದರೂ ಅರ್ಧ ಮಾರ್ಕ್ ಕಟ್. ಎರಡೂ ಕಡೆ ವರ್ಗ ಮಾಡಿಬಿಡೋಣ ಅಂತ ಕೆಲವರು ಓಡುತ್ತಾರೆ. ಮಾಡಬಹುದು. ಆದರೆ ಆಗಲೂ ಆ −5 ಸುಮ್ನೆ ಒಳಗೆ ಬಂದು ಕೂರುತ್ತದೆ, ತಾಳೆ ನೋಡುವುದು ತಪ್ಪುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಎರಡು ಮಾಡ್‌ಗಳ ಲೆಕ್ಕ. |ಕ್ಷ − 9| + |ಕ್ಷ − 34| = 25. ದಾದರ್‌ನಿಂದ ದೂರ, ಠಾಣೆಯಿಂದ ದೂರ, ಎರಡೂ ಕೂಡಿದರೆ 25. ಕುರ್ಲಾದಲ್ಲಿ ನಿಂತರೂ 25, ಘಾಟ್‌ಕೋಪರ್‌ನಲ್ಲಿ ನಿಂತರೂ 25. 9ರಿಂದ 34ರವರೆಗಿನ ಪ್ರತಿ ಬಿಂದುವೂ ಉತ್ತರ! ಸಮೀಕರಣಕ್ಕೆ ಒಂದೋ ಎರಡೋ ಉತ್ತರ ಅಂತ ನಂಬಿಕೊಂಡ ಹುಡುಗರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಬಲಗಡೆ 20 ಹಾಕಿದರೆ ಉತ್ತರವಿಲ್ಲ, ಎಲ್ಲಿ ನಿಂತರೂ 25ಕ್ಕಿಂತ ಕಡಿಮೆ ಆಗುವುದಿಲ್ಲವಲ್ಲ. 31 ಹಾಕಿದರೆ 6 ಜಾಸ್ತಿ. ಹೊರಗಡೆ 3 ಕಿಲೋಮೀಟರ್ ಸರಿದರೆ ಎರಡೂ ದೂರಗಳು 3 3 ಬೆಳೆಯುತ್ತವೆ, ಹಾಗಾಗಿ ಕ್ಷ = 6 ಅಥವಾ 37. ಕೇಸ್ ಮಾಡಿ ಬಿಡಿಸಲು ಅರ್ಧ ಪುಟ ಬೇಕಾದದ್ದು ಬಾಯಲ್ಲೇ ಮುಗಿಯಿತು.

ಇಷ್ಟಾದ ಮೇಲೆ ಡೊಂಬಿವಲಿಯನ್ನೂ ಸೇರಿಸುತ್ತೇನೆ. ದಾದರ್, ಠಾಣೆ, ಡೊಂಬಿವಲಿಯ ಮೂವರು ಗೆಳೆಯರು ಲೈನಿನ ಮೇಲೆ ಎಲ್ಲಿ ಸೇರಿದರೆ ಒಟ್ಟು ಓಡಾಟ ಕಡಿಮೆ? ಸರಾಸರಿ ತೆಗೆಯಲು ಹೊರಟವರಿಗೆ ಸುಮಾರು 30 ಬರುತ್ತದೆ, ಅಲ್ಲಿ ಒಟ್ಟು ಸುಮಾರು 43. ಠಾಣೆಯಲ್ಲೇ ಸೇರಿದರೆ 25ಕ್ಕೆ 14 ಸೇರಿ 39. ‘ಹಾಗಾದ್ರೆ ಠಾಣೆಯವನು ಮನೆಯಿಂದ ಅಲ್ಲಾಡೋದೇ ಇಲ್ವಾ ಟೀಚರ್?’ ಅಂದಳು ಒಬ್ಬಳು. ಇಲ್ಲ ಕಣೇ. ಅವನು ಚಹಾ ಮಾಡಿಟ್ಟಿರಲಿ.